ರಥಕಾರನ ಹೊಣೆ

ಯಾವ ಗ್ರಂಥವನ್ನಾಗಲಿ ಆರಂಭಿಸುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಕೊಳ್ಳಬೇಕೆಂಬುದು ನಮ್ಮ ಶಾಸ್ತ್ರಕಾರರ ಕಟ್ಟಳೆ. ಈ ನಾಲ್ಕರಲ್ಲಿ ಲೋಕವು ಮೊದಲು ಕೇಳುವುದು ಎರಡನೆಯದನ್ನು: ಇದರಿಂದ ಏನು ಪ್ರಯೋಜನ? ಪ್ರಶ್ನೆಯು ಗ್ರಂಥಕ್ಕೆ ಹೇಗೋ ಹಾಗೆಯೇ ಮನುಷ್ಯನ ಎಲ್ಲ ಉದ್ಯೋಗಗಳಿಗೂ ಸಲ್ಲುತ್ತದೆ. ಉಳುವವನಿಗೂ ನೇಯುವವನಿಗೂ ಉತ್ತರ ಸುಲಭ. ಹಾಡುವವನು ಸಹ ಹೇಗೋ ಒಂದು ಸಮಾಧಾನವನ್ನು ಹೇಳಿಕೊಳ್ಳುತ್ತಾನೆ. ಆದರೆ ಮನೆಯ ಹಿತ್ತಿಲಿನ ಷೆಡ್ಡಿನಲ್ಲಿ ವರ್ಷಗಟ್ಟಲೆ ರಾತ್ರಿಗಳನ್ನು ಕಳೆದು, ಸಂಪಾದನೆಯಲ್ಲಿ ಉಳಿದುದನ್ನೆಲ್ಲ ಸುರಿದು, ತನ್ನ ಕೈಯಾರೆ ಒಂದು ಮೋಟಾರು ರಥವನ್ನು ಕಟ್ಟಿ, ಅದನ್ನು ನೆಟ್ಟಗಿನ ದಾರಿಯಲ್ಲಿ 1320 ಅಡಿ ಓಡಿಸಿ, ಹಿಂದಕ್ಕೆ ಎಳೆದುತಂದು, ಬಿಚ್ಚಿ, ಮತ್ತೆ ಕಟ್ಟುವವನನ್ನು ಇದೇ ಪ್ರಶ್ನೆ ಕೇಳಿದರೆ ಅವನು ಏನೆನ್ನಬೇಕು? ಆ ರಥದಲ್ಲಿ ಸಂತೆಗೆ ಹೋಗುವಂತಿಲ್ಲ, ನಂಟರನ್ನು ಕರೆತರುವಂತಿಲ್ಲ, ಒಂದು ತಿರುವನ್ನು ದಾಟುವುದೂ ಅದಕ್ಕೆ ಪ್ರಯಾಸ. ಕೆಲವು ಸೆಕೆಂಡುಗಳ ಓಟ ಮುಗಿಯಿತೆಂದರೆ ಅದರ ಜನ್ಮ ಸಾರ್ಥಕವಾದಂತೆ.

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಹುಟ್ಟಿ ಬೇರೆ ದೇಶಗಳಿಗೂ ಹಬ್ಬಿರುವ ಈ ಆಟಕ್ಕೆ ಡ್ರ್ಯಾಗ್ ಪಂದ್ಯವೆಂದು ಹೆಸರು. ಅದರ ನಿಯಮ ಮಕ್ಕಳಿಗೂ ತಿಳಿಯುವಷ್ಟು ಸರಳ. ಎರಡು ಬಂಡಿಗಳು ಒಂದು ಗೆರೆಯ ಮೇಲೆ ಪಕ್ಕಪಕ್ಕದಲ್ಲಿ ನಿಂತಿರುತ್ತವೆ. ದೀಪದ ಸಂಜ್ಞೆಯಾದೊಡನೆ ಹೊರಡುತ್ತವೆ. ಕಾಲು ಮೈಲಿಯಾಚೆಯ ಗೆರೆಯನ್ನು ಯಾವುದು ಮೊದಲು ಮುಟ್ಟಿತೋ ಅದು ಗೆದ್ದಿತು. 1930ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ತರುಣರು ಮ್ಯೂರಾಕ್ ಮುಂತಾದ ಒಣಗಿದ ಕೆರೆಗಳ ಅಂಗಳದಲ್ಲಿ ಹಳೆಯ ಮೋಟಾರುಗಳನ್ನು ತಿದ್ದಿ ಓಡಿಸಿ ವೇಗವನ್ನು ಪರೀಕ್ಷಿಸುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದ ತರುವಾಯ ಈ ಚಾಪಲ್ಯವು ಊರ ಬೀದಿಗಳಿಗೂ ನುಗ್ಗಿತು. ಅಪಘಾತಗಳೂ ಪೋಲೀಸರ ಕಾಟವೂ ಜನರ ಶಾಪವೂ ಅದರ ಬೆನ್ನಿಗೆ ಬಂದುವು. 1950ರಲ್ಲಿ ಸಾಂಟಾ ಆನಾ ಎಂಬಲ್ಲಿ ವಿಮಾನ ನಿಲ್ದಾಣದ ಒಂದು ಪಥದ ಮೇಲೆ ಕ್ರಮವಾಗಿ ಪಂದ್ಯಗಳು ನಡೆಯಲಾರಂಭಿಸಿದುವು. ಮರುವರ್ಷ, 1951ರಲ್ಲಿ, ವಾಲಿ ಪಾರ್ಕ್ಸ್ ಎಂಬವರ ಮುಂದಾಳುತನದಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆ ಏರ್ಪಟ್ಟಿತು. 1955ರಲ್ಲಿ ಲಾಂಗ್ ಬೀಚ್ ನಗರದ ಮಗ್ಗುಲಲ್ಲಿ ಲಯನ್ಸ್ ಕ್ಲಬ್ಬುಗಳ ನೆರವಿನಿಂದಲೇ ಒಂದು ಪಂದ್ಯದ ದಾರಿ ಸಿದ್ಧವಾಯಿತು. ಹುಡುಗರ ಹುಚ್ಚನ್ನು ಬಿಡಿಸಲಾಗದಿದ್ದರೆ ಅದಕ್ಕೊಂದು ಬೇಲಿ ಹಾಕಿದ ಅಂಗಳವನ್ನಾದರೂ ಕೊಡೋಣವೆಂಬುದು ಊರ ಹಿರಿಯರ ವಿವೇಕವಾಗಿತ್ತು. ನಮ್ಮ ಹಳ್ಳಿಗಳಲ್ಲಿ ಗರಡಿಮನೆಯನ್ನು ಕಟ್ಟಿಸಿದವರ ಮನಸ್ಸಿನಲ್ಲಿಯೂ ಇಂಥದೇ ಆಲೋಚನೆ ಇದ್ದಿರಬಹುದಲ್ಲವೆ?

ಹೀಗೆ ಅಂಗಳ ದೊರೆತ ಮಾತ್ರಕ್ಕೆ ಪ್ರಶ್ನೆ ತೀರಲಿಲ್ಲ. ಬೀದಿಯಲ್ಲಿ ಮಾಡಬಾರದ್ದನ್ನು ಬೇಲಿಯೊಳಗೆ ಮಾಡಬಹುದೆಂದಾಯಿತೇ ಹೊರತು, ಮಾಡುವುದು ಯೋಗ್ಯವೆಂದಾಗಲಿಲ್ಲ. ಇಂಥ ಸಾಹಸಗಳ ಪರವಾಗಿ ಸಾಮಾನ್ಯವಾಗಿ ಕೇಳಿಬರುವ ಸಮಾಧಾನವೊಂದುಂಟು: ಅವನ ಹಣ, ಅವನ ದೇಹ, ಅವನ ಪ್ರಾಣ, ಇತರರಿಗೇನು? ಈ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅದರಲ್ಲಿ ಒಂದು ಸತ್ಯಾಂಶವಿದೆ, ಮತ್ತು ಆ ಅಂಶ ಈ ಕಾಲದಲ್ಲಿ ಅಪರೂಪವಾದುದು. ಮನೆ ಕಟ್ಟುವ ಗುತ್ತಿಗೆದಾರನು ಆ ಮನೆಯಲ್ಲಿ ಮಲಗುವುದಿಲ್ಲ. ಸೇತುವೆಯ ಲೆಕ್ಕ ಹಾಕಿದವನು ಅದರ ಮೇಲೆ ದಿನವೂ ನಡೆಯುವುದಿಲ್ಲ. ಔಷಧಿಯನ್ನು ಕಾಯಿಸಿ ಸೀಸೆಗೆ ತುಂಬಿದವನು ರೋಗಿಯ ಮುಖವನ್ನೇ ಕಂಡಿರುವುದಿಲ್ಲ. ಮಾಡಿದವನೊಬ್ಬ, ಅನುಭವಿಸುವವನೊಬ್ಬ ಎಂಬ ಈ ವಿಭಾಗದ ಮೇಲೆಯೇ ಇಂದಿನ ಸಂಸಾರವೆಲ್ಲ ನಡೆಯುತ್ತಿದೆ. ಹಿತ್ತಿಲಿನ ರಥಕಾರನಾದರೋ ತಾನು ಹಾಕಿದ ಬೆಸುಗೆಯ ನಡುವೆ ತಾನೇ ಕುಳಿತುಕೊಳ್ಳುತ್ತಾನೆ. ಬೆಸುಗೆ ಕಳಪೆಯಾಗಿದ್ದರೆ ಅದನ್ನು ಮೊದಲು ಕಂಡುಕೊಳ್ಳುವುದು ಅವನ ಮೈಯೇ. ಕರ್ತೃವೂ ಭೋಕ್ತೃವೂ ಒಬ್ಬನೇ ಆಗಿರುವ ಕರ್ಮದಲ್ಲಿ ಒಂದು ಪ್ರಾಮಾಣಿಕತೆ ಇದೆಯೆಂಬುದನ್ನು ಒಪ್ಪಲೇಬೇಕು.

ರಥಕಾರನೆಂಬ ಮಾತು ಬಂದುದರಿಂದ ಒಂದು ಪ್ರಾಸಂಗಿಕ ವಿಚಾರ. ಮಳೆಗಾಲದಲ್ಲಿ ರಥಕಾರನು ಅಗ್ನ್ಯಾಧಾನ ಮಾಡಬೇಕೆಂಬ ವೈದಿಕ ವಿಧಿಯನ್ನು ಹಿಡಿದು ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ ಒಂದು ಅಧಿಕರಣವೇ ನಡೆದಿದೆ. ರಥವನ್ನು ಯಾರು ಮಾಡುವನೋ ಅವನೇ ರಥಕಾರನೆಂದು ಪೂರ್ವಪಕ್ಷಿ. ಹಾಗಲ್ಲ, ಆ ಹೆಸರಿನ ಒಂದು ಸಮುದಾಯಕ್ಕೆ ಸೇರಿದವನೆಂದು ಸಿದ್ಧಾಂತಿ. ಅವಯವಾರ್ಥಕ್ಕಿಂತ ರೂಢಿಯೇ ಬಲವತ್ತರವೆಂದು ಅಲ್ಲಿ ತೀರ್ಮಾನವಾಯಿತು. ಅಮೆರಿಕದ ಹಿತ್ತಿಲುಗಳಲ್ಲಿ ಮಾತ್ರ ಪೂರ್ವಪಕ್ಷಿಯೇ ಗೆದ್ದಿದ್ದಾನೆನ್ನಬೇಕು. ಅಲ್ಲಿ ಕುಲವನ್ನು ಕೇಳುವವರಿಲ್ಲ, ಕಾಲೇಜಿನ ಪದವಿಯನ್ನು ಕೇಳುವವರೂ ಇಲ್ಲ. ಹಗಲು ಯಾವ ವೃತ್ತಿಯಲ್ಲಿದ್ದರೂ ಸರಿ; ಕಟ್ಟಿ ತಂದು ಪರೀಕ್ಷಕರ ಮುಂದೆ ನಿಲ್ಲಿಸಿದವನೇ ಅಧಿಕಾರಿ.

ಈ ಅಧಿಕಾರವನ್ನು ಅದರ ತುತ್ತತುದಿಯವರೆಗೆ ಒಯ್ದವರಲ್ಲಿ ಡಾನ್ ಗಾರ್ಲಿಟ್ಸರ ಹೆಸರು ಮೊದಲು ಬರುತ್ತದೆ. ಅವರು 1932ರಲ್ಲಿ ಫ್ಲಾರಿಡ ಸಂಸ್ಥಾನದ ಟ್ಯಾಂಪ ಎಂಬ ಊರಿನಲ್ಲಿ ಹುಟ್ಟಿದರು. ಹಳೆಯ ಷೆವ್ರೊಲೆ ಬಂಡಿಯ ಚೌಕಟ್ಟಿನ ಉದ್ದನೆಯ ತೊಲೆಗಳನ್ನು ತೆಗೆದುಕೊಂಡು, ಅದರ ಮೇಲೆ ಕ್ರೈಸ್ಲರ್ ಇಂಜಿನೊಂದನ್ನು ಕೂರಿಸಿ ಅವರು ಕಟ್ಟಿದ ರಥವು 1957ರಲ್ಲಿ ಗಂಟೆಗೆ 176 ಮೈಲಿ ಓಡಿತೆಂಬ ಸುದ್ದಿ ಬಂದಾಗ ಕ್ಯಾಲಿಫೋರ್ನಿಯದವರು ನಂಬಲಿಲ್ಲ. ಜೌಗುನೆಲದ ನಾಡಿನವನು ಇಷ್ಟು ಓಡಿಸುವುದುಂಟೆ ಎಂದು ನಕ್ಕರು. ಗಾರ್ಲಿಟ್ಸರ ರಥಗಳಿಗೆ ಸ್ವಾಂಪ್ ರ‍್ಯಾಟ್, ಎಂದರೆ ಜೌಗಿನ ಇಲಿ, ಎಂಬ ಹೆಸರೇ ನಿಂತಿತು. ಹೀಗಳೆಯುವ ಮಾತನ್ನು ಬಿರುದಾಗಿ ಧರಿಸುವ ಗಟ್ಟಿತನ ಎಲ್ಲರಿಗೂ ಬರುವುದಲ್ಲ. 1959ರಲ್ಲಿ ದಕ್ಷಿಣ ಕ್ಯಾರಲೈನದ ಚೆಸ್ಟರ್ ಎಂಬಲ್ಲಿ ಇಂಜಿನಿಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಸಿಡಿದು ಅವರ ಕೈಗಳು ಘೋರವಾಗಿ ಸುಟ್ಟುವು. ವಾಸಿಯಾದ ಮೇಲೆ ಮತ್ತೆ ಓಡಿಸಿದರು. 1964ರಲ್ಲಿ ನ್ಯೂ ಜೆರ್ಸಿಯಲ್ಲಿ ಗಂಟೆಗೆ 200 ಮೈಲಿಯನ್ನು ಮೀರಿದರು.

ಆ ಕಾಲದ ರಥದ ರಚನೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು; ಏಕೆಂದರೆ ಮುಂದಿನ ಧರ್ಮವಿಚಾರವೆಲ್ಲ ಆ ರಚನೆಯಲ್ಲಿಯೇ ಅಡಗಿದೆ. ಬಂಡಿಯ ಬಲವೆಲ್ಲ ಹಿಂದಣ ಗಾಲಿಗಳ ಮೂಲಕ ನೆಲಕ್ಕೆ ಇಳಿಯಬೇಕು. ಆದುದರಿಂದ ತೂಕವಾದಷ್ಟೂ ಹಿಂದಕ್ಕೆ ಇರಬೇಕು. ಇದಕ್ಕಾಗಿ ಇಂಜಿನನ್ನು ಹಿಂದಕ್ಕೆ ಸರಿಸಿ, ಓಡಿಸುವವನನ್ನು ಅದಕ್ಕಿಂತಲೂ ಹಿಂದೆ, ಹಿಂದಣ ಅಚ್ಚಿನಿಂದಾಚೆಗೆ ಕೂರಿಸುತ್ತಿದ್ದರು. ಕವಣೆಯ ಬಟ್ಟಲಲ್ಲಿ ಕಲ್ಲು ಕುಳಿತಂತೆ ಅವನು ಕುಳಿತಿರುವನೆಂದು ಆ ಮಾದರಿಗೆ ಸ್ಲಿಂಗ್‌ಷಾಟ್ ಎಂದೇ ಹೆಸರಾಯಿತು. ಅವನ ಎರಡು ಕಾಲುಗಳೂ ಅಚ್ಚನ್ನು ದಾಟಿ ಮುಂದಕ್ಕೆ ಚಾಚಿರುತ್ತಿದ್ದುವು. ಕಾಲುಗಳ ನಡುವೆ ಗೇರುಪೆಟ್ಟಿಗೆ. ಪಾದಗಳ ಬಳಿಯಲ್ಲಿ ಕ್ಲಚ್ಚು. ಮುಖದ ಮುಂದೆ ನೈಟ್ರೋಮೀಥೇನ್ ಕುಡಿದು ಬೆಂಕಿಯುಗುಳುವ ಇಂಜಿನು. ಪೆಟ್ರೋಲಿಗೆ ಉರಿಯಲು ಹೊರಗಿನ ಗಾಳಿ ಬೇಕು. ಈ ದ್ರವದಲ್ಲಿಯಾದರೋ ಉರಿಗೆ ಬೇಕಾದ ಆಮ್ಲಜನಕದ ಒಂದು ಭಾಗ ಮೊದಲೇ ಸೇರಿರುವುದರಿಂದ ಅದೇ ಇಂಜಿನಿನಲ್ಲಿ ಹಲವು ಪಾಲು ಹೆಚ್ಚಾಗಿ ಸುಡಬಹುದು. ಏನು ಒಡೆದರೂ, ಏನು ಹೊತ್ತಿಕೊಂಡರೂ ಗಾಳಿಯು ಅದನ್ನು ಓಡಿಸುವವನ ಮೇಲೆಯೇ ತಂದುಹಾಕುತ್ತಿತ್ತು. ಇದು ಎಲ್ಲರಿಗೂ ತಿಳಿದಿತ್ತು. ತಿಳಿದಿದ್ದೂ ಸುಮಾರು ಹದಿನೈದು ವರ್ಷ ಹಾಗೆಯೇ ಕಟ್ಟಿದರು. ಏಕೆಂದರೆ ಆ ರಥ ಗೆಲ್ಲುತ್ತಿತ್ತು.

1970ರ ಮಾರ್ಚ್ 8ರಂದು ಲಾಂಗ್ ಬೀಚಿನ ಅದೇ ಲಯನ್ಸ್ ದಾರಿಯಲ್ಲಿ ಗಾರ್ಲಿಟ್ಸರು ಹದಿಮೂರನೆಯ ಇಲಿಯ ಮೇಲೆ ಕುಳಿತು ಹೊರಟರು. ಹೊರಟ ಗೆರೆಯಲ್ಲಿಯೇ ಎರಡು ವೇಗದ ಗೇರುಪೆಟ್ಟಿಗೆ ಸಿಡಿಯಿತು. ಅದೂ ಅವರ ಸ್ವಂತ ಪ್ರಯೋಗದ ಕೃತಿಯೇ. ರಥವು ಎರಡು ತುಂಡಾಯಿತು. ಬಲಗಾಲಿನ ಪಾದದ ಒಂದು ಭಾಗ ಹೋಯಿತು. ಇಲ್ಲಿಯವರೆಗೆ ಮೇಲೆ ಹೇಳಿದ ಸಮಾಧಾನ ನಿಲ್ಲುತ್ತದೆ: ಮಾಡಿದವನು ಉಂಡನು. ಆದರೆ ಹಾರಿದ ಲೋಹವು ಅಲ್ಲಿಗೆ ನಿಲ್ಲಲಿಲ್ಲ. ಅದು ನೋಡುತ್ತ ನಿಂತಿದ್ದ ಒಬ್ಬ ಯುವಕನ ತೋಳಿಗೂ ಘೋರವಾದ ಗಾಯವನ್ನು ಮಾಡಿತು.

ಕರ್ಮವಿಚಾರದಲ್ಲಿ ನಮ್ಮವರು ಎರಡು ದೋಷಗಳನ್ನು ಹೇಳುತ್ತಾರೆ: ಕೃತಹಾನಿ, ಅಕೃತಾಭ್ಯಾಗಮ. ಮಾಡಿದ್ದು ಫಲ ಕೊಡದೆ ಕಳೆದುಹೋಗುವುದು ಒಂದು. ಮಾಡದಿದ್ದುದರ ಫಲ ಬಂದು ಮೇಲೆ ಬೀಳುವುದು ಇನ್ನೊಂದು. ಕ್ಷಣಿಕವಾದಿಗಳನ್ನು ಖಂಡಿಸುವುದಕ್ಕೆ ಈ ಮಾತುಗಳನ್ನು ಉಪಯೋಗಿಸುವುದು ವಾಡಿಕೆ. ಆದರೆ ಆ ಯುವಕನ ವಿಷಯದಲ್ಲಿ ಅವು ಬರಿಯ ತರ್ಕದ ಮಾತುಗಳಾಗಿ ಉಳಿಯುವುದಿಲ್ಲ. ಆ ಗೇರುಪೆಟ್ಟಿಗೆಯ ಒಂದು ತಿರುಪನ್ನೂ ಅವನು ಬಿಗಿದವನಲ್ಲ. ಅವನು ಚೀಟಿ ಕೊಂಡು ಬಂದಿದ್ದನಲ್ಲ, ಅಪಾಯವನ್ನು ಒಪ್ಪಿದಂತಾಯಿತಲ್ಲ ಎನ್ನುವವರುಂಟು. ಅವನು ಒಪ್ಪಿದ್ದು ನೋಡುವುದಕ್ಕೆ. ಉಕ್ಕು ಎಷ್ಟು ದಪ್ಪ, ಹಲ್ಲಿನ ಚಕ್ರಕ್ಕೆ ಎಷ್ಟು ಒತ್ತಡ ಬೀಳುತ್ತದೆ, ಅದರ ಸುತ್ತ ಕವಚವಿದೆಯೆ ಇಲ್ಲವೆ, ಇದೆಲ್ಲ ನೋಡುವವನಿಗೆ ತಿಳಿಯುವ ವಿಷಯವಲ್ಲ. ತಿಳಿವು ಯಾರಲ್ಲಿದೆಯೋ ಹೊಣೆಯೂ ಅವರಲ್ಲಿಯೇ ಇರಬೇಕು. ಆದುದರಿಂದ ‘ಅವನ ಪ್ರಾಣ, ಅವನ ಇಷ್ಟ’ ಎಂಬ ವಾದ ಇಲ್ಲಿ ಮುರಿದುಬೀಳುತ್ತದೆ. ಒಂಟಿಯಾಗಿ ಸಾಹಸ ಮಾಡುವವನೆಂಬುವನು ಲೋಕದಲ್ಲಿ ಬಹಳ ವಿರಳ. ಅವನ ಮನೆಯಲ್ಲಿ ಹೆಂಡತಿ ಮಕ್ಕಳಿರುತ್ತಾರೆ; ಬೇಲಿಯ ಹೊರಗೆ ನೋಡುವವರಿರುತ್ತಾರೆ; ಅವನನ್ನು ಕಂಡು ತಾನೂ ಹಾಗೆಯೇ ಕಟ್ಟುವ ನೆರೆಯೂರ ಹುಡುಗನಿರುತ್ತಾನೆ.

ಇಷ್ಟು ಹೇಳಿ ಈ ಆಟವನ್ನೇ ನಿಲ್ಲಿಸಬೇಕೆನ್ನುವವರು ಒಂದನ್ನು ಮರೆಯುತ್ತಾರೆ. ಅದು ಆಸ್ಪತ್ರೆಯ ಹಾಸಿಗೆಯಲ್ಲಿ ನಡೆದ ಕೆಲಸ. ಗಾರ್ಲಿಟ್ಸರು ಅಲ್ಲಿ ಮಲಗಿದ್ದಾಗಲೇ ಹೊಸ ರಥದ ರೂಪವನ್ನು ಯೋಚಿಸತೊಡಗಿದರು. ಓಡಿಸುವವನು ಮುಂದೆ, ಇಂಜಿನೂ ಗೇರುಪೆಟ್ಟಿಗೆಯೂ ಅವನ ಬೆನ್ನ ಹಿಂದೆ. ಕೇಳುವುದಕ್ಕೆ ಇದು ಸುಲಭವಾದ ಅದಲುಬದಲು. ಆದರೆ ಇಂಥ ರಥಗಳನ್ನು ಕೆಲವರು ಅದಕ್ಕೆ ಮುಂಚೆಯೂ ಕಟ್ಟಿ ಕೈಬಿಟ್ಟಿದ್ದರು. ಅವು ನೆಟ್ಟಗೆ ಓಡುತ್ತಿರಲಿಲ್ಲ. ಹಿಂದೆ ಕುಳಿತವನಿಗೆ ಹಿಂದಣ ಗಾಲಿ ಒಂದಿಷ್ಟು ಜಾರಿದರೂ ಕೂಡಲೇ ಮೈಗೆ ತಿಳಿಯುತ್ತದೆ. ಮುಂದೆ ಕುಳಿತವನಿಗೆ ತಡವಾಗಿ ತಿಳಿಯುತ್ತದೆ. ತಿಳಿದಾಗ ಗಾಬರಿಯಿಂದ ಚಕ್ರವನ್ನು ಅಗತ್ಯಕ್ಕಿಂತ ಹೆಚ್ಚು ತಿರುಗಿಸುತ್ತಾನೆ. ರಥ ಒಮ್ಮೆ ಈ ಗೋಡೆಗೆ, ಒಮ್ಮೆ ಆ ಗೋಡೆಗೆ ಹಾಯುತ್ತದೆ. ಹದಿನಾಲ್ಕನೆಯ ಇಲಿಯೂ ಮೊದಮೊದಲು ಹೀಗೆಯೇ ಮಾಡಿತು. ಕಡೆಗೆ ಅವರಿಗೂ ಅವರ ಜೊತೆಗಾರರಿಗೂ ಸಿಕ್ಕಿದ ಪರಿಹಾರ ಆಶ್ಚರ್ಯವಾಗುವಷ್ಟು ಸಣ್ಣದು. ಕೈಚಕ್ರವನ್ನು ಎಷ್ಟು ತಿರುಗಿಸಿದರೆ ಮುಂದಣ ಗಾಲಿ ಎಷ್ಟು ತಿರುಗಬೇಕೆಂಬ ಪ್ರಮಾಣವನ್ನು ನಿಧಾನಗೊಳಿಸಿದರು. ಕೈ ಗಾಬರಿಗೊಂಡರೂ ರಥ ಗಾಬರಿಗೊಳ್ಳದಂತಾಯಿತು. 1971ರ ಆರಂಭದಲ್ಲಿ ಪೊಮೋನದ ಚಳಿಗಾಲದ ಮಹಾಪಂದ್ಯವನ್ನು ಆ ರಥವೇ ಗೆದ್ದಿತು. ಮುಂದೆ ನಾಲ್ಕೈದು ವರ್ಷಗಳೊಳಗೆ ಅತಿವೇಗದ ಆ ವರ್ಗದಲ್ಲಿ ಕವಣೆಯ ಮಾದರಿ ಕಾಣದಂತಾಯಿತು. 1975ರಲ್ಲಿ ಗಾರ್ಲಿಟ್ಸರೇ ಕ್ಯಾಲಿಫೋರ್ನಿಯದ ಆಂಟೇರಿಯೊ ಎಂಬಲ್ಲಿ ಕಾಲು ಮೈಲಿಯನ್ನು 5.63 ಸೆಕೆಂಡುಗಳಲ್ಲಿ, ಗಂಟೆಗೆ 250 ಮೈಲಿಗೂ ಮೀರಿದ ವೇಗದಲ್ಲಿ ಮುಗಿಸಿದರು.

ಇಲ್ಲಿ ಮೀಮಾಂಸಕರ ಇನ್ನೊಂದು ವಿವೇಚನೆ ನೆನಪಿಗೆ ಬರುತ್ತದೆ. ಯಜ್ಞದಲ್ಲಿ ಕೆಲವು ಅಂಗಗಳು ಕ್ರತ್ವರ್ಥ, ಎಂದರೆ ಯಜ್ಞವು ಪೂರ್ಣವಾಗುವುದಕ್ಕಾಗಿ ಇರತಕ್ಕವು. ಕೆಲವು ಪುರುಷಾರ್ಥ, ಎಂದರೆ ಯಜಮಾನನ ಹಿತಕ್ಕಾಗಿ ಇರತಕ್ಕವು. ಅವರು ಕೊಡುವ ದೃಷ್ಟಾಂತ ಹಾಲು ಕರೆಯುವ ಪಾತ್ರೆಯದು. ನೀರನ್ನು ಸಾಮಾನ್ಯವಾಗಿ ಚಮಸದಲ್ಲಿ ತರಬೇಕು. ಪಶುಸಂಪತ್ತನ್ನು ಬಯಸುವವನು ಗೋದೋಹನ ಪಾತ್ರೆಯಲ್ಲಿ ತರಬಹುದು. ಪಾತ್ರೆಯನ್ನು ಬದಲಾಯಿಸಿದ್ದು ಪುರುಷನಿಗಾಗಿ. ಆದರೂ ನೀರು ಬಂದೇ ಬರುತ್ತದೆ, ಯಜ್ಞಕ್ಕೆ ಲೋಪವಿಲ್ಲ. ಪಂದ್ಯದ ರಥದಲ್ಲಿ ವೇಗವೇ ಕ್ರತು. ಓಡಿಸುವವನ ರಕ್ಷಣೆಗೆ ಸೇರಿಸಿದ ಪ್ರತಿಯೊಂದು ಕೊಳವೆಯೂ, ಪ್ರತಿಯೊಂದು ಕವಚವೂ ತೂಕ. ತೂಕವೆಂದರೆ ವೇಗಕ್ಕೆ ಹಾನಿ. ಕ್ರತುವೇ ಸರ್ವಸ್ವವೆಂದವರು ಆ ತೂಕವನ್ನು ಬಿಡುತ್ತ ಬಂದಿದ್ದರು. ಇಂಜಿನನ್ನು ಹಿಂದಕ್ಕೆ ಹಾಕಿದ್ದು ಪುರುಷನ ದೇಹಕ್ಕಾಗಿ. ಅದೇ ರಥ ಹೆಚ್ಚು ವೇಗವಾಗಿಯೂ ಓಡಿತು. ಗೋದೋಹನದಲ್ಲಿ ಬಂದ ನೀರಿನಂತೆ.

ಗೆಲ್ಲುವ ಆಸೆಯೂ ಇದರಲ್ಲಿ ಇತ್ತಲ್ಲ, ಇದನ್ನು ಧರ್ಮವೆನ್ನುವುದು ಹೇಗೆ, ಎಂದು ಕಟ್ಟುನಿಟ್ಟಿನವರು ಕೇಳಬಹುದು. ಆಸೆ ಇಲ್ಲದಿದ್ದರೆ ಯಾರು ಆಸ್ಪತ್ರೆಯಲ್ಲಿ ಮಲಗಿ ರಥದ ಚಿತ್ರ ಬರೆಯುತ್ತಾರೆ? ಆಸೆಯ ಕಲಬೆರಕೆಯಿಲ್ಲದ ಕರ್ಮವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಾದರೆ ಬಾವಿ ತೋಡಿಸಿದವರಲ್ಲಿಯೂ ಸಾಲುಮರ ನೆಡಿಸಿದವರಲ್ಲಿಯೂ ಬಹುಮಂದಿಯನ್ನು ಹೊರಗಿಡಬೇಕಾದೀತು. ಇಲ್ಲಿ ನೋಡತಕ್ಕದ್ದು ಬೇರೆ. ಪೆಟ್ಟು ತಿಂದವರು ಅನೇಕರು ಮತ್ತೆ ಅದೇ ರಥವನ್ನು ಹಾಗೆಯೇ ಕಟ್ಟಿ ಏರುತ್ತಾರೆ. ಜನ ಅದನ್ನು ಧೈರ್ಯವೆಂದು ಹೊಗಳುತ್ತಾರೆ. ಒಡೆದುದನ್ನು ಮುಂದಿಟ್ಟುಕೊಂಡು, ಇದು ಏಕೆ ಒಡೆಯಿತು, ಒಡೆದಾಗ ಚೂರು ಎತ್ತ ಹೋಯಿತು, ಅತ್ತ ಯಾರಿದ್ದರು ಎಂದು ಕೇಳಿ ಕಟ್ಟುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ಎದೆಗಾರಿಕೆ ಸಾಕು. ಎರಡನೆಯದಕ್ಕೆ ತಾನು ನೆಚ್ಚಿದ ಕೃತಿಯ ಮೇಲೆ ತಾನೇ ಸಾಕ್ಷಿ ನುಡಿಯುವ ಮನಸ್ಸೂ ಬೇಕು. ಈಗ ಆ ದಾರಿಗಳಲ್ಲಿ ಅತಿವೇಗದ ರಥಗಳ ಕ್ಲಚ್ಚಿಗೂ ಗೇರುಪೆಟ್ಟಿಗೆಗೂ ಗಟ್ಟಿಯಾದ ಕವಚವಿಲ್ಲದೆ ಗೆರೆಯ ಬಳಿಗೆ ಬರಲು ಅಪ್ಪಣೆಯಿಲ್ಲ. ಇದರಿಂದ ಆ ಯುವಕನಿಗಾದ ಗಾಯದ ಋಣ ತೀರಿತೇ ಎಂದರೆ, ಇಲ್ಲ. ಅವನ ಅನಂತರ ಬೇಲಿಯ ಬಳಿ ನಿಂತವರಿಗೆ ಬಂದ ಲಾಭವನ್ನು ಅವನ ಲೆಕ್ಕಕ್ಕೆ ಜಮಾ ಹಾಕುವಂತಿಲ್ಲ.

ಮತ್ತೆ ಕಟ್ಟಿದ ರಥ ಹಳೆಯ ರಥವೇ, ಹೊಸದೇ? ನಾಗಸೇನನು ಮಿಲಿಂದ ರಾಜನನ್ನು ಇದೇ ಬಗೆಯ ಪ್ರಶ್ನೆಯಿಂದ ಕಟ್ಟಿಹಾಕಿದನೆಂದು ಪಾಲಿ ಗ್ರಂಥ ಹೇಳುತ್ತದೆ: ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಯಾವುದೂ ಅಲ್ಲ; ಇವೆಲ್ಲವನ್ನು ಹಿಡಿದು ಆಡುವ ಹೆಸರು ಮಾತ್ರ. ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ಅವಯವಗಳಿಗಿಂತ ಬೇರೆಯಾದ ಅವಯವಿ ಒಂದುಂಟು, ಅವಯವವೊಂದು ಕಳಚಿದರೆ ಹಳೆಯ ಅವಯವಿ ನಾಶವಾಗಿ ಹೊಸದು ಹುಟ್ಟುತ್ತದೆ ಎನ್ನುತ್ತಾರೆ. ಗಾರ್ಲಿಟ್ಸರು ತರ್ಕಶಾಸ್ತ್ರವನ್ನು ಓದಿದವರಲ್ಲ. ಆದರೆ ಎಲ್ಲಕ್ಕೂ ಇಲಿಯೆಂಬ ಒಂದೇ ಹೆಸರನ್ನಿಟ್ಟು, ಒಂದೊಂದಕ್ಕೂ ಬೇರೆ ಸಂಖ್ಯೆಯನ್ನು ಕೊಟ್ಟು, ಎರಡು ಮತಗಳಿಗೂ ಮರ್ಯಾದೆ ಮಾಡಿದ್ದಾರೆ. ಮೂವತ್ತನೆಯ ಇಲಿ 1987ರಲ್ಲಿ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯವನ್ನು ಸೇರಿತು. ಹದಿಮೂರಕ್ಕೂ ಹದಿನಾಲ್ಕಕ್ಕೂ ನಡುವೆ ಕೂಡಿಸುವ ಎಳೆ ಲೋಹದಲ್ಲಿಲ್ಲ, ಕಟ್ಟಿದವನ ನೆನಪಿನಲ್ಲಿದೆ.

ಇಷ್ಟು ದೊಡ್ಡ ಹೆಸರುಗಳನ್ನು ಬಿಟ್ಟು ಸಾಮಾನ್ಯ ಹಿತ್ತಿಲಿಗೆ ಬಂದರೆ ಅಲ್ಲಿ ನಡೆಯುವ ಪಂದ್ಯದ ಬಗೆ ಬೇರೆ. ಬ್ರ್ಯಾಕೆಟ್ ಪಂದ್ಯವೆಂದು ಅದರ ಹೆಸರು. ತನ್ನ ಬಂಡಿ ಎಷ್ಟು ಸೆಕೆಂಡಿನಲ್ಲಿ ಓಡುವುದೆಂಬುದನ್ನು ಪ್ರತಿಯೊಬ್ಬನೂ ಮೊದಲೇ ಬರೆದು ತೋರಿಸಬೇಕು. ನಿಧಾನದ ಬಂಡಿಯನ್ನು ಆ ವ್ಯತ್ಯಾಸದಷ್ಟು ಮುಂಚೆ ಬಿಡುತ್ತಾರೆ. ಆದುದರಿಂದ ಅಜ್ಜನ ಕಾಲದ ಮೋಟಾರೂ ಹೊಸ ಸಿಡಿಲಿನಂಥ ಯಂತ್ರದ ಎದುರು ನಿಲ್ಲಬಹುದು. ಆದರೆ ಬರೆದ ಕಾಲಕ್ಕಿಂತ ಕಡಿಮೆ ಕಾಲದಲ್ಲಿ ಓಡಿದವನು ಸಾಮಾನ್ಯವಾಗಿ ಸೋತಂತೆಯೇ. ವೇಗದ ಆಟದಲ್ಲಿ ವೇಗ ಹೆಚ್ಚಾದುದಕ್ಕೆ ಸೋಲು! ಹೊರಗಿನವರಿಗೆ ಇದು ವಿಪರೀತವಾಗಿ ತೋರುತ್ತದೆ. ತನ್ನ ಕೃತಿಯನ್ನು ಬಲ್ಲವನು ಮಾತ್ರ ಅದರ ವಿಷಯದಲ್ಲಿ ನಿಜ ಹೇಳಬಲ್ಲನೆಂಬುದನ್ನು ಇಷ್ಟು ಸ್ಪಷ್ಟವಾಗಿ ಪರೀಕ್ಷಿಸುವ ಆಟ ಇನ್ನೊಂದು ಕಾಣುವುದಿಲ್ಲ. ಚಳಿಗಾಲದಲ್ಲಿ ಇಂಜಿನನ್ನು ಬಿಚ್ಚಿ ಕಟ್ಟಿದವನಿಗೆ ಹಳೆಯ ಅಂಕಿ ಸಲ್ಲುವುದಿಲ್ಲ. ಅಂದಿನ ಗಾಳಿ, ಅಂದಿನ ಬಿಸಿಲು, ಟೈರಿನ ಸವೆತ ಎಲ್ಲವನ್ನೂ ಎಣಿಸಿ ಮತ್ತೆ ಬರೆಯಬೇಕು.

ಪುರುಷನ ಹಿತವೂ ಕ್ರತುವೂ 1971ರಲ್ಲಿ ಕೂಡಿ ಬಂದುವು. ಯಾವಾಗಲೂ ಹಾಗೆ ಕೂಡಿ ಬರುವುದಿಲ್ಲ. 2008ರ ಜೂನ್ 21ರಂದು ನ್ಯೂ ಜೆರ್ಸಿಯ ಇಂಗ್ಲಿಷ್‌ಟೌನಿನಲ್ಲಿ ಸ್ಕಾಟ್ ಕಲಿಟ್ಟ ಎಂಬ ಪ್ರಸಿದ್ಧ ಪಂದ್ಯಗಾರರ ಇಂಜಿನು ಸಿಡಿದು, ರಥವು ನಿಲ್ಲದೆ ದಾರಿಯ ಕೊನೆಯನ್ನೂ ದಾಟಿ ಹೋಗಿ ಅವರು ಮಡಿದರು. ಈ ಸಲ ಯಂತ್ರವನ್ನು ಹಿಂದುಮುಂದು ಮಾಡಿ ಎರಡನ್ನೂ ಉಳಿಸಿಕೊಳ್ಳುವ ಉಪಾಯ ಇರಲಿಲ್ಲ. ದಾರಿಯನ್ನು ಉದ್ದ ಮಾಡೋಣವೆಂದರೆ ಹಳೆಯ ದಾರಿಗಳ ಕೊನೆಯಲ್ಲಿ ರಸ್ತೆ, ಮನೆ, ಹಳ್ಳ. ಮರುತಿಂಗಳು ಸಂಸ್ಥೆಯು ಅತಿವೇಗದ ಎರಡು ವರ್ಗಗಳ ಓಟವನ್ನು 1000 ಅಡಿಗೆ ಇಳಿಸಿತು. ಕಾಲು ಮೈಲಿಯಲ್ಲದ ಮೇಲೆ ಅದು ಡ್ರ್ಯಾಗ್ ಪಂದ್ಯವೇ ಅಲ್ಲ, ಅರ್ಧ ಶತಮಾನದ ದಾಖಲೆಗಳಿಗೆಲ್ಲ ಅರ್ಥ ತಪ್ಪಿತು ಎಂದು ಹಳಬರು ಗೊಣಗಿದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಉಳಿದ ವರ್ಗಗಳಲ್ಲಿ ಅನೇಕವು ಈಗಲೂ 1320 ಅಡಿಯನ್ನೇ ಓಡುತ್ತವೆ. ಹೀಗಾಗಿ ಒಂದೇ ದಾರಿಯಲ್ಲಿ ಎರಡು ಕೊನೆಯ ಗೆರೆಗಳಾಗಿವೆ. ಮೊದಲನೆಯ ಗೆರೆಯನ್ನು ದಾಟಿದವನು ಪ್ಯಾರಾಚೂಟನ್ನು ಬಿಚ್ಚುತ್ತಾನೆ. ಎರಡನೆಯದು 320 ಅಡಿಯ ಆಚೆಗೆ ಬಿಸಿಲಲ್ಲಿ ಬೆಳ್ಳಗೆ ಕಾಣುತ್ತದೆ. ಆ ವೇಳೆಗೆ ರಥದ ವೇಗ ಇಳಿಯತೊಡಗಿರುತ್ತದೆ.